ಮೋಸಮ್ ಹೊಳೆಯ ದಂಡೆಯಲ್ಲಿ ಕಾದಂಬರಿ

ನಿವೃತ್ತನಾದ ಮೇಲೆ ಮಗನ ಜೊತೆ ಮಾಲೇಗಾಂವ್‌ಗೆ ಬಂದೆ. ಇಲ್ಲಿ ಮರಾಠಿ ಇದೆ, ಅಹಿರಾಣಿ ಇದೆ, ಮೋಸಮ್ ಹೊಳೆಯ ಆಚೆ ಉರ್ದು ಇದೆ. ಕನ್ನಡ ನಮ್ಮ ಮನೆಯೊಳಗಷ್ಟೇ. ಹಾಗಂತ ಪುಸ್ತಕಕ್ಕೇನೂ ಬರ ಇಲ್ರೀ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ ನೆಂಟರು ಮನಮಾಡದಲ್ಲಿಳಿದು ಬಸ್ಸಿನಲ್ಲಿ ಬರುತ್ತಾರೆ. ಬರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಕಾದಂಬರಿ ತರಲೇಬೇಕು. ಬರ ಇದ್ದದ್ದು ಓದಿದ್ದನ್ನು ಹಿಡಿದು ಜಗಳಾಡಲು ಒಬ್ಬ ಮನುಷ್ಯನಿಗೆ.

ಆ ಮನುಷ್ಯ ಸಿಕ್ಕಿದ್ದು ಚಹಾದಂಗಡಿಯಲ್ಲಿ. ನಲವತ್ತು ವರ್ಷ ಪವರ್‌ಲೂಮ್ ನಡೆಸಿ ಮಕ್ಕಳ ಕೈಗೆ ಕೊಟ್ಟವರು. ನಾನು ಭಾಯಿಸಾಬ್ ಅನ್ನುತ್ತೇನೆ, ಅವರಿಗೆ ನಾನು ಮ್ಯಾನೇಜರ್ ಸಾಬ್. ಚಿಕ್ಕವರಿದ್ದಾಗ ಅವರು ಇಬ್ನೆ ಸಫಿಯ ಜಾಸೂಸಿ ಕಾದಂಬರಿಗಳನ್ನೂ ನಾನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನೂ ದಿಂಬಿನ ಕೆಳಗೆ ಬಚ್ಚಿಟ್ಟು ಓದಿದವರು ಅಂತ ಗೊತ್ತಾದ ದಿನವೇ ಸ್ನೇಹವಾಯಿತು. ಈಗ ನಾನು ಓದಿದ್ದನ್ನೆಲ್ಲ ಕಲಬುರಗಿಯ ದಖನಿಯಲ್ಲಿ ಅವರಿಗೆ ಹೇಳಬೇಕು. ಬೇರೆ ಭಾಷೆಯಲ್ಲಿ ಹೇಳುವಾಗಲೇ ಕಥೆಯಲ್ಲಿ ಹುರುಳೆಷ್ಟು, ಬರೀ ಮಾತಿನ ಸೊಗಸೆಷ್ಟು ಅಂತ ಲೆಕ್ಕ ಸಿಗುತ್ತದೆ.

ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಮೂರು ಸಂಜೆ ನಡೆಯಿತು. ಲಿಸ್ಬನ್ ಬಿಟ್ಟ ಹಡಗು ಗೋವಾ ಮುಟ್ಟುವವರೆಗೆ ಭಾಯಿಸಾಬ್ ಚಹಾ ಮರೆತರು. ನನಗೆ ಅದರಲ್ಲಿ ಕ್ರೌರ್ಯ ಒಂದು ತೂಕ ಹೆಚ್ಚೇ ಅನಿಸಿತು. ಎಸ್.ಎಲ್. ಭೈರಪ್ಪನವರು 2025ರಲ್ಲಿ ತೀರಿಕೊಂಡ ಮೇಲೆ ಅವರ 'ಯಾನ' (2014) ಓದಿದೆ. ವ್ಯೋಮನೌಕೆಯ ಕಥೆ, ವಿಜ್ಞಾನದ ಪಾಠ ಕೆಲವು ಕಡೆ ಉದ್ದವಾಯಿತು. ಆದರೆ ನೌಕೆಯಲ್ಲೇ ಹುಟ್ಟಿದ ಮಕ್ಕಳು ಭೂಮಿಯನ್ನೇ ಕಂಡಿಲ್ಲವೆಂಬಲ್ಲಿ ಪುಸ್ತಕ ಮಡಚಿಟ್ಟೆ. ಒಳಗಿನಿಂದ ನನ್ನ ಮೊಮ್ಮಗಳು 'ಆಜೋಬಾ' ಅಂತ ಕರೆಯುತ್ತಿದ್ದಳು. ಮುತ್ಯಾ ಅನ್ನಬೇಕಾದವಳು.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಹೇಳುವಾಗ ಅಳುಕಿತ್ತು. ಹಣ ಬಂದ ಮೇಲೆ ಒಂದು ಮನೆ ಒಳಗೊಳಗೇ ಕೊಳೆಯುವ ಕಥೆ; ನಡೆಯುವುದು ಕಡಿಮೆ, ಮುಚ್ಚಿಟ್ಟದ್ದು ಹೆಚ್ಚು. ಹೆಸರಿಗೋ ಯಾವ ಭಾಷೆಯಲ್ಲೂ ಅರ್ಥವಿಲ್ಲ, ಗಾಳಿಪಟದ ದಾರ ಸಿಕ್ಕಾದಾಗ ಮಕ್ಕಳು ಕಟ್ಟಿದ ಶಬ್ದ. ಅದನ್ನು ವಿವರಿಸಲು ಹೊರಟರೆ ಭಾಯಿಸಾಬ್ ಕೈಯೆತ್ತಿ ನಿಲ್ಲಿಸಿದರು. "ನೂಲಿನವನಿಗೆ ಸಿಕ್ಕು ಬಿಡಿಸಿ ಹೇಳ್ತೀರಾ? ಎಳೆದಷ್ಟೂ ಬಿಗೀತದೆ." ಇಷ್ಟು ಚಿಕ್ಕ ವಿಮರ್ಶೆ ನಾನಂತೂ ಬೇರೆಲ್ಲೂ ಓದಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ ಮುಗಿಸಿದಾಗ ಮಾತ್ರ, ಹೇಳಬೇಕೋ ಬೇಡವೋ ಅಂತ ವಾರಗಟ್ಟಲೆ ಯೋಚಿಸಿದೆ. 2006 ಮತ್ತು 2008ರ ಸ್ಫೋಟಗಳನ್ನು ಕಂಡ ಊರಿದು. ಹೊಳೆಯ ಈಚೆಯವರು ಆಚೆಯವರ ತಲಾಖ್ ವಿಷಯ ಎತ್ತುವುದೆಂದರೆ ಸುಲಭವಲ್ಲ. ಭಾಯಿಸಾಬರೇ ಬೆನ್ನು ಬಿಡಲಿಲ್ಲ, ಹೇಳಿದೆ. ನಾದಿರಾ ಮತ್ತು ಗಂಡ ರಶೀದ್ ಚೆನ್ನಾಗಿಯೇ ಬಾಳುತ್ತಿದ್ದಾರೆ. ಅವಳ ಅಪ್ಪ ತನ್ನ ಹಟಕ್ಕಾಗಿ ಇಬ್ಬರನ್ನೂ ಬಿಡಿಸುತ್ತಾನೆ. ಮತ್ತೆ ಗಂಡನನ್ನು ಸೇರಬೇಕಾದರೆ ಅವಳು ಮೊದಲು ಬೇರೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕು. ಅವಳು ನೀರಿನ ಪಾಲಾಗುತ್ತಾಳೆ. "ಬರೆದವರು?" ಅಂತ ಕೇಳಿದರು. ಕಾಸರಗೋಡಿನ ಹೆಣ್ಣುಮಗಳು, ನಿಮ್ಮವರೇ, 1980ರ ದಶಕದಲ್ಲೇ ಬರೆದದ್ದು ಎಂದೆ. ಮಾತಾಡದೆ ಎದ್ದು ಹೋದರು.

ನಾಲ್ಕು ದಿನ ಚಹಾಕ್ಕೆ ಬರಲಿಲ್ಲ. ನಾನು ಅದೇ ಬೆಂಚಿನ ಮೇಲೆ ಒಬ್ಬನೇ ಕೂತು ಕಪ್ಪು ಬಸಿಯನ್ನು ಹಿಂದೆ ಮುಂದೆ ಸರಿಸುತ್ತಿದ್ದೆ. ಐದನೆಯ ದಿನ ಬಂದವರು ಸಲಾಮು ಕೂಡ ಹೇಳದೆ ಶುರುಮಾಡಿದರು: "ತಪ್ಪು ರಶೀದನದು. ಗಂಡಸಾದವನು ಹೆಂಡತಿಯನ್ನು ಅವತ್ತೇ ಕರ್ಕೊಂಡು ಬರಬೇಕಿತ್ತು."

ಅಲ್ಲ, ಅಪ್ಪನದು ಎಂದೆ. ಕಾದಂಬರಿಯ ಬಲವೇ ಅದು. ಗಂಡನನ್ನು ಕೆಟ್ಟವನನ್ನಾಗಿ ಮಾಡಿದ್ದರೆ ಕಥೆ ಹಗುರಾಗಿಬಿಡುತ್ತಿತ್ತು.

"ನನಗೂ ಹೆಣ್ಣುಮಕ್ಕಳಿದ್ದಾರೆ ಮ್ಯಾನೇಜರ್ ಸಾಬ್, ಅಪ್ಪನ ಸುದ್ದಿಗೆ ಬರಬೇಡಿ," ಅಂದರು. ಸ್ವಲ್ಪ ಹೊತ್ತಾದ ಮೇಲೆ ಬಸಿಗೆ ಚಹಾ ಸುರಿದುಕೊಳ್ಳುತ್ತ ಸಣ್ಣ ದನಿಯಲ್ಲಿ, "ಮನೆಯಲ್ಲಿ ಹೇಳಿದೆ. ನಮ್ಮಾಕೆ ನಿಮ್ಮ ಕಡೆ. ಸೊಸೆಯಂದಿರೂ," ಎಂದು ಸೇರಿಸಿದರು.

ವಾದ ಇನ್ನೂ ನಡೆದಿದೆ. ಮೊನ್ನೆ ಸಣ್ಣ ಸೊಸೆ ಮಾವನ ಕೈಯಲ್ಲಿ ಒಂದು ಪ್ರಶ್ನೆ ಕಳಿಸಿದ್ದಾಳೆ: ನಾದಿರಾಳ ಕೂಸು ಮುಂದೆ ಯಾರ ಹತ್ತಿರ ಬೆಳೆಯಿತು? ಕನ್ನಡಕ ಹುಡುಕಿ ಪುಸ್ತಕ ಮತ್ತೆ ತೆರೆದಿದ್ದೇನೆ.