ಶೇಕರರ ಹಳ್ಳಿಗಳಲ್ಲಿ

ಅಮೆರಿಕ ಪ್ರವಾಸ ಮುಗಿಸಿ ಬಂದವರು ಸಾಮಾನ್ಯವಾಗಿ ನಯಾಗರ ಜಲಪಾತವನ್ನೂ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕವನ್ನೂ ವರ್ಣಿಸುವುದು ವಾಡಿಕೆ. ಅವೆಲ್ಲವನ್ನೂ ನಾವೂ ಕಂಡೆವು, ಸಂತೋಷಪಟ್ಟೆವು. ಆದರೆ ಅವುಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ದುಡಿಮೆಯನ್ನೇ ಪೂಜೆಯೆಂದು ಬಗೆದು, ಸ್ವಂತ ಆಸ್ತಿಯನ್ನು ಸಮುದಾಯಕ್ಕೆ ಒಪ್ಪಿಸಿ, ಹೆಣ್ಣು ಗಂಡುಗಳಿಗೆ ಸಮಾನ ಅಧಿಕಾರವಿತ್ತು ಬಾಳಿದ ಒಂದು ಧಾರ್ಮಿಕ ಪಂಥ ಆ ದೇಶದಲ್ಲಿ ತಲೆಯೆತ್ತಿತ್ತು, ಅದರ ಕೊನೆಯ ಎಳೆ ಇಂದಿಗೂ ಉಳಿದಿದೆ ಎಂಬ ಸಂಗತಿ ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಾಗಿರಬಹುದು. ಆ ಪಂಥದವರನ್ನು ಶೇಕರರು ಎಂದು ಕರೆಯುತ್ತಾರೆ. ಅವರು ಬಾಳಿದ ಮೂರು ನೆಲೆಗಳನ್ನು ನೋಡುವ ಸುಯೋಗ ನಮಗೆ ಒದಗಿತು.

ನಾವು ಇಳಿದುಕೊಂಡಿದ್ದುದು ನ್ಯೂಯಾರ್ಕ್ ರಾಜ್ಯದ ರಾಜಧಾನಿಯಾದ ಆಲ್ಬನಿಯಲ್ಲಿ, ಸದ್ಭಕ್ತರೊಬ್ಬರ ಮನೆಯಲ್ಲಿ. ಅಲ್ಲಿನ ವಿಮಾನ ನಿಲ್ದಾಣದ ಮಗ್ಗುಲಲ್ಲೇ ವಾಟರ್‌ವ್ಲೀಟ್ ಎಂಬ ಹೆಸರಿನ ಶೇಕರರ ಮೊಟ್ಟಮೊದಲ ನೆಲೆಯಿದೆ. ಇಪ್ಪತ್ತು ವರ್ಷಗಳಿಂದ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ ನಮ್ಮ ಆತಿಥೇಯರು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಊರ ಬಾಗಿಲಲ್ಲಿರುವ ಗುಡಿಯನ್ನು ಪರಸ್ಥಳದವರು ಬಂದು ಕೇಳಿದಾಗಲೇ ನೋಡುವುದು ನಮ್ಮಲ್ಲೂ ಉಂಟಷ್ಟೆ. ಅಲ್ಲಿ ಒಂದು ಹಸಿರು ಬಯಲು, ಅದರ ತುಂಬ ಸಾಲುಸಾಲಾಗಿ ಒಂದೇ ಅಳತೆಯ ಗಿಡ್ಡ ಸಮಾಧಿಶಿಲೆಗಳು. ನಡುವೆ ಒಂದು ಕಲ್ಲು ಮಾತ್ರ ಉಳಿದವುಗಳಿಗಿಂತ ತುಸು ಎತ್ತರ. ಅದು ಪಂಥದ ಮೂಲಪುರುಷರದು ಎಂದು ಹೇಳಹೊರಟರೆ ಮಾತು ತಪ್ಪಾಗುತ್ತದೆ, ಅದು ಮೂಲಮಾತೆಯದು. ಆಕೆಯ ಹೆಸರು ಆ್ಯನ್ ಲೀ.

ಆ್ಯನ್ ಲೀ ೧೭೩೬ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಕಮ್ಮಾರನ ಮಗಳಾಗಿ ಜನಿಸಿದಳು. ಓದುಬರಹವಿಲ್ಲ, ಎಳೆಯ ವಯಸ್ಸಿನಲ್ಲೇ ಬಟ್ಟೆಯ ಕಾರ್ಖಾನೆಯ ಕೂಲಿ. ಕಮ್ಮಾರನೊಬ್ಬನನ್ನೇ ಮದುವೆಯಾಗಿ ನಾಲ್ಕು ಮಕ್ಕಳನ್ನು ಹೆತ್ತಳು. ನಾಲ್ಕೂ ಚಿಕ್ಕಂದಿನಲ್ಲೇ ತೀರಿಕೊಂಡವು. ಆ ಸಂಕಟದ ಕುಲುಮೆಯಲ್ಲಿ ಆಕೆಯ ವೈರಾಗ್ಯ ಹದಗೊಂಡಿತು. ಪ್ರಾರ್ಥನೆಯ ವೇಳೆ ಭಾವಪರವಶರಾಗಿ ಮೈನಡುಗಿ ಕುಣಿಯುತ್ತಿದ್ದ ಒಂದು ಸಣ್ಣ ಗುಂಪನ್ನು ಆಕೆ ಸೇರಿದಳು. ನೋಡಿದವರು ಅಣಕಿಸಿ ‘ಶೇಕರ್’, ಅಂದರೆ ನಡುಗುವವರು, ಎಂದು ಕರೆದರು; ಅಣಕದ ಹೆಸರೇ ಕೊನೆಗೆ ನಿಂತಿತು. ಸೆರೆವಾಸ ಅನುಭವಿಸಿದ ಬಳಿಕ ೧೭೭೪ರಲ್ಲಿ ಆಕೆ ಎಂಟು ಮಂದಿ ಅನುಯಾಯಿಗಳೊಡನೆ ಹಡಗು ಹತ್ತಿ ಅಮೆರಿಕಕ್ಕೆ ಬಂದಳು. ಆಗ ಅಮೆರಿಕ ಬ್ರಿಟಿಷರ ವಿರುದ್ಧ ಯುದ್ಧಕ್ಕೆ ಅಣಿಯಾಗುತ್ತಿದ್ದ ಕಾಲ. ಆಯುಧ ಹಿಡಿಯುವುದು ಪಾಪವೆಂದು ಸಾರುವ ಇಂಗ್ಲೆಂಡಿನ ಹೆಂಗಸನ್ನು ಯಾರು ನಂಬಿಯಾರು? ೧೭೮೦ರಲ್ಲಿ ಮತ್ತೆ ಸೆರೆ. ಬಿಡುಗಡೆಯ ಬಳಿಕ ಊರೂರು ತಿರುಗಿ ಉಪದೇಶ ಮಾಡಿದಳು; ಕೆಲವೆಡೆ ಜನ ಮನೆಗೆ ನುಗ್ಗಿ ಹೊಡೆದರು. ೧೭೮೪ರಲ್ಲಿ ಆಕೆ ಕಣ್ಣುಮುಚ್ಚಿದಾಗ ವಯಸ್ಸು ನಲವತ್ತೆಂಟು. ಸಮಾಧಿಯ ಮುಂದೆ ನಾವು ನಿಂತಿದ್ದಾಗ ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಏರುತ್ತಿದ್ದವು.

ಆಲ್ಬನಿಯಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಸಾಗಿದರೆ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಕ್‌ಷೈರ್ ಬೆಟ್ಟಗಳ ತಪ್ಪಲಲ್ಲಿ ಹ್ಯಾನ್‌ಕಾಕ್ ಎಂಬ ಹಳ್ಳಿ ಸಿಗುತ್ತದೆ. ಶೇಕರರು ತಮ್ಮ ಪ್ರತಿಯೊಂದು ನೆಲೆಗೂ ಒಂದು ಆಧ್ಯಾತ್ಮಿಕ ನಾಮವನ್ನು ಇಟ್ಟುಕೊಂಡಿದ್ದರು. ಹ್ಯಾನ್‌ಕಾಕಿಗೆ ಶಾಂತಿಯ ನಗರವೆಂದು ಹೆಸರು. ೧೯೬೦ರಲ್ಲಿ ಇಲ್ಲಿನ ಸಮುದಾಯ ಮುಚ್ಚಿತು. ಮರುವರ್ಷವೇ ಇದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಟಿಕೆಟ್ ಕೊಂಡು ಒಳಗೆ ಹೋಗಬೇಕು.

ಮೊದಲು ಕಣ್ಣಿಗೆ ಬೀಳುವುದು ೧೮೨೬ರಲ್ಲಿ ಕಟ್ಟಿದ ದುಂಡನೆಯ ಕಲ್ಲಿನ ಕೊಟ್ಟಿಗೆ. ನಮ್ಮ ಹಳ್ಳಿಯ ಒಕ್ಕಲಿಗರು ಯಾರಾದರೂ ಅದನ್ನು ಕಂಡರೆ ಅರ್ಧ ದಿನ ಅಲ್ಲೇ ನಿಂತಾರು. ಹುಲ್ಲಿನ ಬಂಡಿಗಳು ದಿಬ್ಬದ ಕಡೆಯ ಬಾಗಿಲಿಂದ ಮೇಲಂತಸ್ತಿಗೆ ಬಂದು, ಒಳಗೋಡೆಯ ಗುಂಟ ಸುತ್ತುಹಾಕಿ, ನಡುವಿನ ಕಣಜಕ್ಕೆ ಹುಲ್ಲು ಸುರಿದು, ಹಿಂದಕ್ಕೆ ತಿರುಗಿಸುವ ತೊಡಕಿಲ್ಲದೆ ಬಂದ ಬಾಗಿಲಲ್ಲೇ ಹೊರಬೀಳುತ್ತಿದ್ದವು. ಕೆಳಗೆ ಸುಮಾರು ಐವತ್ತು ಹಸುಗಳು ಕಣಜಕ್ಕೆ ಮುಖಮಾಡಿ ವೃತ್ತಾಕಾರವಾಗಿ ನಿಲ್ಲುತ್ತಿದ್ದವು. ನಡುವೆ ನಿಂತ ಒಬ್ಬನೇ ಆಳು ಎಲ್ಲಕ್ಕೂ ಮೇವು ಹಾಕಬಹುದು. ಸಗಣಿ ನೆಲದ ಕಿಂಡಿಗಳಿಂದ ಕೆಳಗಿನ ನೆಲಮನೆಗೆ ಬೀಳುತ್ತಿತ್ತು. ಬಂಡಿ ಹೂಡಿ ಅದನ್ನು ಹೊಲಕ್ಕೆ ಸಾಗಿಸುವುದಷ್ಟೇ ಕೆಲಸ. ಶ್ರಮವನ್ನು ದೇವರಿಗೆ ಅರ್ಪಿಸುವವನು ಶ್ರಮವನ್ನು ವ್ಯರ್ಥಮಾಡಲಾರ ಎಂಬ ತತ್ತ್ವ ಆ ಕಟ್ಟಡದ ಕಲ್ಲುಕಲ್ಲಿನಲ್ಲೂ ಇದೆ.

ಎದುರಿಗೆ ೧೮೩೦ರ ಇಟ್ಟಿಗೆಯ ವಾಸಗೃಹ. ಸುಮಾರು ನೂರು ಮಂದಿ ಸೋದರ ಸೋದರಿಯರು ಇಲ್ಲಿ ಒಂದೇ ಕುಟುಂಬವಾಗಿ ಬಾಳುತ್ತಿದ್ದರು. ಗಂಡಸರು ಒಂದು ಮಗ್ಗುಲು, ಹೆಂಗಸರು ಇನ್ನೊಂದು ಮಗ್ಗುಲು, ಮೆಟ್ಟಿಲುಗಳೂ ಬೇರೆಬೇರೆ. ಗೋಡೆಗಳಲ್ಲೇ ಕೂಡಿಸಿದ ೨೪೫ ಬೀರುಬಾಗಿಲುಗಳು, ೩೬೯ ಸೆಳೆಖಾನೆಗಳು ಈ ಮನೆಯಲ್ಲಿವೆ ಎಂದು ಕಟ್ಟಿಸಿದ ಹಿರಿಯರೇ ಲೆಕ್ಕ ಬರೆದಿಟ್ಟಿದ್ದಾರೆ. ಊಟದ ಮನೆಯಲ್ಲಿ ಮಂಡಿಯೂರಿ ಪ್ರಾರ್ಥಿಸಿ, ಮೌನವಾಗಿ ಉಂಡು, ಮತ್ತೆ ಪ್ರಾರ್ಥಿಸಿ ಏಳುವುದು ಕಟ್ಟಳೆ. ಎಲ್ಲ ಕೋಣೆಗಳ ಗೋಡೆಗೂ ಮರದ ಗೂಟಗಳ ಸಾಲಿದೆ. ಕಸ ಗುಡಿಸುವಾಗ ಕುರ್ಚಿಗಳನ್ನು ಆ ಗೂಟಗಳಿಗೆ ನೇತುಹಾಕಿ ನೆಲವನ್ನು ಮೂಲೆಮೂಲೆಯೂ ಗುಡಿಸುತ್ತಿದ್ದರು. ಇಂದು ಲೋಕವೆಲ್ಲ ಬಳಸುವ ಚಪ್ಪಟೆ ಪೊರಕೆಯನ್ನು ೧೭೯೮ರಲ್ಲಿ ವಾಟರ್‌ವ್ಲೀಟಿನ ಥಿಯೋಡರ್ ಬೇಟ್ಸ್ ಎಂಬ ಶೇಕರನು ಮೊದಲು ಕಟ್ಟಿದನೆಂದು ಪ್ರತೀತಿ. ಗಾಜಿನ ಹಿಂದೆ ಇಟ್ಟಿದ್ದ ಅಂಥ ಒಂದು ಪೊರಕೆಯನ್ನು ಕಂಡಾಗ ಜಂಬೂರಿನ ಸತ್ಯಕ್ಕ ನೆನಪಾದಳು. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಆ ಶರಣೆಯ ಪೊರಕೆಯನ್ನು ಕಾದಿಡಬೇಕೆಂದು ನಮ್ಮವರಿಗೆ ತೋಚಲಿಲ್ಲ. ಆಕೆಯ ವಚನಗಳನ್ನು ಕಾದಿಟ್ಟರು. ಶೇಕರರ ವಿಷಯದಲ್ಲಿ ಲೋಕ ಮಾಡಿದ್ದು ಬಹುಮಟ್ಟಿಗೆ ಇದರ ವಿಪರ್ಯಾಸ.

ಬಿತ್ತನೆಯ ಬೀಜಗಳನ್ನು ಸಣ್ಣ ಕಾಗದದ ಪೊಟ್ಟಣಗಳಲ್ಲಿ ಹಾಕಿ ಮಾರುವ ಪದ್ಧತಿಯನ್ನು ಆ ದೇಶದಲ್ಲಿ ಹಬ್ಬಿಸಿದವರು ಇವರು. ಔಷಧಿ ಮೂಲಿಕೆ, ಪೆಟ್ಟಿಗೆ, ಕುರ್ಚಿ, ಬಟ್ಟೆ ಎಲ್ಲಕ್ಕೂ ಇವರ ಹೆಸರಿದ್ದರೆ ಸಾಕು, ಜನ ಪರೀಕ್ಷಿಸದೆ ಕೊಳ್ಳುತ್ತಿದ್ದರು. ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಅದು ನಮಗೆ ಸಲ್ಲದೆಂದು ಹಿಂದಕ್ಕೆ ಕಳಿಸಿದ ಲಕ್ಕಮ್ಮನ ಮನೆಯ ಮಗಳು ಹ್ಯಾನ್‌ಕಾಕಿಗೆ ಹೋಗಿದ್ದರೆ ಅಪರಿಚಿತಳಾಗಿ ಉಳಿಯುತ್ತಿರಲಿಲ್ಲ.

ಸ್ತ್ರೀಯರ ಸ್ಥಾನವನ್ನು ಕುರಿತು ಒಂದು ಮಾತು. ಪ್ರತಿಯೊಂದು ಕುಟುಂಬಕ್ಕೂ ಇಬ್ಬರು ಹಿರಿಯರು, ಇಬ್ಬರು ಹಿರಿಯಳುಗಳು. ನಾಲ್ವರ ಅಧಿಕಾರವೂ ಸಮ. ಲೂಸಿ ರೈಟ್ ಎಂಬಾಕೆ ೧೭೯೬ರಿಂದ ೧೮೨೧ರವರೆಗೆ ಇಡೀ ಪಂಥವನ್ನು ಮುನ್ನಡೆಸಿದಳು. ಅಮೆರಿಕದ ಸಂವಿಧಾನ ಹೆಂಗಸರಿಗೆ ಮತದ ಹಕ್ಕನ್ನು ಕೊಟ್ಟದ್ದು ೧೯೨೦ರಲ್ಲಿ ಎಂಬುದನ್ನು ನೆನೆದರೆ ಇದರ ಹಿರಿಮೆ ತಿಳಿದೀತು. ಆಫ್ರಿಕ ಮೂಲದ ರೆಬೆಕ ಕಾಕ್ಸ್ ಜಾಕ್ಸನ್ ಎಂಬ ಸಾಧಕಿ ಫಿಲಡೆಲ್ಫಿಯ ನಗರದಲ್ಲಿ ಶೇಕರ್ ಸಮುದಾಯವೊಂದನ್ನೇ ಕಟ್ಟಿದಳು. ಅಂತರ್ಯುದ್ಧ ನಡೆದಿದ್ದಾಗ ೧೮೬೩ರಲ್ಲಿ ಶೇಕರ್ ಹಿರಿಯರು ಅಧ್ಯಕ್ಷ ಲಿಂಕನ್ನರನ್ನು ಕಂಡು, ತಮ್ಮ ತರುಣರನ್ನು ಸೈನ್ಯಕ್ಕೆ ಎಳೆಯಬಾರದೆಂದು ಬೇಡಿಕೊಂಡು, ವಿನಾಯಿತಿ ಪಡೆದರು. ಮರುವರ್ಷ ಅವರು ಕಳಿಸಿದ ಕುರ್ಚಿಗೆ ಲಿಂಕನ್ನರು ಕೃತಜ್ಞತೆಯ ಪತ್ರ ಬರೆದರು. ರಷ್ಯದ ಟಾಲ್‌ಸ್ಟಾಯ್ ಇವರೊಡನೆ ಪತ್ರವ್ಯವಹಾರ ನಡೆಸಿದ್ದರು. ಎಲ್ಲರೂ ಮೆಚ್ಚಿದರೆಂದಲ್ಲ. ೧೮೪೨ರಲ್ಲಿ ನೆರೆಯ ಮೌಂಟ್ ಲೆಬನನ್ನಿಗೆ ಬಂದ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸನಿಗೆ ಅಲ್ಲಿ ಕಂಡದ್ದು ಬರಿಯ ಬಿಗುಮಾನ.

ಹತ್ತೊಂಬತ್ತನೆಯ ಶತಮಾನದ ನಡುವೆ ಮೇನ್ ರಾಜ್ಯದಿಂದ ಕೆಂಟಕಿಯವರೆಗೆ ಹಬ್ಬಿದ ಹಳ್ಳಿಗಳಲ್ಲಿ ಹಲವು ಸಾವಿರ ಶೇಕರರಿದ್ದರು. ಅಂಥ ಸಮುದಾಯ ಬರಿದಾದುದೇಕೆ? ಬ್ರಹ್ಮಚರ್ಯವೇ ಕಾರಣವೆಂದು ಹೇಳಿ ಮುಗಿಸುವವರು ಬಹಳ. ಶೇಕರರಲ್ಲಿ ಮದುವೆಯಿಲ್ಲ, ದಂಪತಿಗಳಾಗಿ ಬಂದವರೂ ಸೋದರ ಸೋದರಿಯರಾಗಿ ಬಾಳಬೇಕು. ಸಂಸಾರದಲ್ಲಿದ್ದೇ ಶಿವಪಥವನ್ನು ಸಾಧಿಸಬಹುದೆಂದು ತೋರಿದ ಬಸವಣ್ಣನವರ ಅನುಯಾಯಿಗಳಾದ ನಮಗೆ ಇದು ಒಪ್ಪತಕ್ಕ ಮಾತಲ್ಲ. ಆದರೂ ಆ ಒಂದೇ ಕಾರಣ ಸಾಲದೆಂದು ನಮ್ಮ ಅಭಿಪ್ರಾಯ. ಬ್ರಹ್ಮಚರ್ಯವನ್ನು ಇಟ್ಟುಕೊಂಡೇ ಅವರು ಹಲವು ದಶಕಗಳ ಕಾಲ ಬೆಳೆದರು. ಅನಾಥ ಮಕ್ಕಳನ್ನು ಸಾಕಿ ಓದುಬರಹ, ಕಸುಬು ಕಲಿಸಿ, ಇಪ್ಪತ್ತೊಂದು ತುಂಬಿದಾಗ ಇರುವುದೋ ಹೋಗುವುದೋ ನಿನ್ನ ಇಷ್ಟ ಎನ್ನುತ್ತಿದ್ದರು. ನಮ್ಮ ಮಠಗಳೂ ಹೀಗೆಯೇ ಪರರ ಮಕ್ಕಳಿಂದ ಬೆಳೆದಿವೆ. ಈ ಲೇಖನ ಬರೆಯುತ್ತಿರುವ ನಾವೂ ಅಂಥ ಒಂದು ಮಠದ ಪ್ರಸಾದದಿಂದ ಬೆಳೆದವರು.

ಅಂತರ್ಯುದ್ಧದ ಬಳಿಕ ಕಾರ್ಖಾನೆಗಳು ಎದ್ದವು. ಪೊರಕೆ, ಕುರ್ಚಿ, ಬೀಜ, ಬಟ್ಟೆ ಎಲ್ಲವೂ ಅಲ್ಲಿ ಅಗ್ಗವಾಗಿ ದೊರೆತವು. ತರುಣರು ನಗರಕ್ಕೆ ಸಂಬಳ ಹುಡುಕಿಕೊಂಡು ಹೋದರು. ಅನಾಥರನ್ನು ನೋಡಿಕೊಳ್ಳಲು ಬೇರೆ ಸಂಸ್ಥೆಗಳು ಬಂದವು. ಉಳಿದವರಲ್ಲಿ ವೃದ್ಧೆಯರೇ ಹೆಚ್ಚಾಗಿ, ಹೊಲ ಕೊಟ್ಟಿಗೆಗಳಿಗೆ ಕೂಲಿಯಾಳುಗಳನ್ನು ಇಟ್ಟುಕೊಳ್ಳಬೇಕಾಯಿತು. ಕಾಯಕ ಕೂಲಿಯವರ ಕೈಗೆ ಹೋದ ಮೇಲೆ ಪಂಥದಲ್ಲಿ ಉಳಿದದ್ದು ಪ್ರಾರ್ಥನೆ ಮತ್ತು ಆಸ್ತಿ. ಅವೆರಡರಿಂದಲೇ ಹೊಸಬರನ್ನು ಸೆಳೆಯುವುದು ಆಗಲಿಲ್ಲ. ನಾವು ಮಠದಲ್ಲಿ ಓದುತ್ತಿದ್ದಾಗ ನೀರು ಹೊರುವುದು, ಕಾಯಿಪಲ್ಲೆ ಹೆಚ್ಚುವುದು, ಪಂಕ್ತಿಗೆ ಬಡಿಸುವುದು ಎಲ್ಲವೂ ಹುಡುಗರ ಸರದಿಯ ಕೆಲಸವಾಗಿತ್ತು. ಈಗ ಎಷ್ಟು ಕಡೆ ಹಾಗಿದೆ ಎಂಬುದನ್ನು ಮಠಗಳ ವ್ಯವಸ್ಥೆ ನೋಡಿಕೊಳ್ಳುವವರು ಯೋಚಿಸಲಿ.

ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಶೇಕರ್ ಮಾದರಿಯ ಕುರ್ಚಿ, ಪೆಟ್ಟಿಗೆಗಳು ಮಾರಾಟಕ್ಕಿದ್ದವು. ಹಳೆಯ ನಿಜವಾದ ಕುರ್ಚಿಗಳನ್ನಂತೂ ಶ್ರೀಮಂತರು ಹರಾಜಿನಲ್ಲಿ ಭಾರಿ ಬೆಲೆಗೆ ಕೊಳ್ಳುತ್ತಾರೆ. ಅಡುಗೆಮನೆಯ ಬೀರುಗಳಿಗೂ ‘ಶೇಕರ್’ ಎಂಬ ಹೆಸರಿದೆ. ನಮ್ಮ ಆತಿಥೇಯರ ಮನೆಯ ಬೀರುಗಳೂ ಅವೇ ಎಂದು ಅವರ ಶ್ರೀಮತಿಯವರು ಅಂದು ಗುರುತಿಸಿದರು. ಅಲ್ಲೇ ಹುಟ್ಟಿ ಬೆಳೆದ ಅವರ ಮಗಳು, ಕಾಲೇಜಿನಲ್ಲಿ ಓದುತ್ತಿರುವವಳು, ಅಲ್ಲಿಯವರೆಗೆ ಸುಮ್ಮನಿದ್ದು, “ಅಜ್ಜ, ಇವರಿಗೆ ಮಕ್ಕಳಿರಲಿಲ್ಲ, ಅದಕ್ಕೆ ಹೀಗಾಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಾವು ಮಕ್ಕಳಿದ್ದೇವೆ. ಆದರೆ ದೇವರ ಕೋಣೆಯಲ್ಲಿರುವ ವಚನದ ಪುಸ್ತಕ ನನಗೆ ಓದಲು ಬರುವುದಿಲ್ಲವಲ್ಲ?” ಎಂದು ಕೇಳಿದಳು. ತಂದೆ ಏನೋ ಹೇಳಹೊರಟು ನಿಲ್ಲಿಸಿದರು. ಮರುದಿನ ಬೆಳಗ್ಗೆ ಲಿಂಗಪೂಜೆ ಮುಗಿಯುವ ಹೊತ್ತಿಗೆ ಆಕೆ ನೋಟುಪುಸ್ತಕ ಹಿಡಿದು ಬಂದು ಕುಳಿತಳು. ನಾವು ಅಲ್ಲಿದ್ದ ಉಳಿದ ಹನ್ನೆರಡು ದಿನಗಳಲ್ಲಿ ವರ್ಣಮಾಲೆ ಮುಗಿದು ಕಾಗುಣಿತ ನಡೆದಿತ್ತು. ಒತ್ತಕ್ಷರಗಳನ್ನು ತಾಯಿ ಹೇಳಿಕೊಡುವುದೆಂದು ಗೊತ್ತಾಯಿತು.

ಆ ಹನ್ನೆರಡು ದಿನಗಳ ನಡುವೆಯೇ ಮೇನ್ ರಾಜ್ಯಕ್ಕೂ ಹೋಗಿಬಂದೆವು. ಹ್ಯಾನ್‌ಕಾಕಿನಿಂದ ಸುಮಾರು ಐದು ಗಂಟೆಯ ದಾರಿ. ನ್ಯೂ ಗ್ಲಾಸ್ಟರ್ ಎಂಬ ಊರಿನ ಬಳಿಯ ಸಬ್ಬತ್‌ಡೇ ಲೇಕ್, ಶೇಕರರು ಇಂದಿಗೂ ವಾಸವಾಗಿರುವ ಏಕೈಕ ನೆಲೆ. ೨೦೧೭ರ ಆರಂಭದಲ್ಲಿ ಹಿರಿಯ ಸೋದರಿ ಫ್ರಾನ್ಸಿಸ್ ಕಾರ್ ತೀರಿಕೊಂಡಾಗ ಇಲ್ಲಿ ಉಳಿದವರು ಇಬ್ಬರೇ. ಈಚೆಗೆ ಹೊಸ ಸೋದರಿಯೊಬ್ಬರು ಸೇರಿ ಮೂವರಾಗಿದ್ದಾರೆ. ೧೭೯೪ರಲ್ಲಿ ಕಟ್ಟಿದ ಬಿಳಿಯ ಪ್ರಾರ್ಥನಾಮಂದಿರದ ಒಳಗೆ ಮರಗೆಲಸಕ್ಕೆ ಅಂದು ಬಳಿದ ನೀಲಿ ಬಣ್ಣವೇ ಇನ್ನೂ ಇದೆ. ಗಂಡಸರಿಗೊಂದು, ಹೆಂಗಸರಿಗೊಂದು ಬಾಗಿಲು. ಇಲ್ಲಿದ್ದ ಸೋದರಿ ಮಿಲ್‌ಡ್ರೆಡ್ ಬಾರ್ಕರ್ ನೂರಾರು ಶೇಕರ್ ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡಿದ್ದವರು; ಅದಕ್ಕಾಗಿ ೧೯೮೩ರಲ್ಲಿ ರಾಷ್ಟ್ರೀಯ ಗೌರವ ಪಡೆದು, ೧೯೯೦ರಲ್ಲಿ ನಿಧನರಾದರು. ಲೋಕ ಕೊನೆಗೆ ತಮ್ಮನ್ನು ಒಂದು ಕುರ್ಚಿಯಾಗಿಯೋ ಮೇಜಾಗಿಯೋ ನೆನೆಯುವುದೇನೋ ಎಂದು ಆಕೆ ನೊಂದು ನುಡಿದಿದ್ದರಂತೆ.

ಇವರ ಸ್ವಾಧೀನದಲ್ಲಿರುವ ಹೊಲ, ಕಾಡು, ಕೆರೆಯಂಚು ಸೇರಿ ೧,೬೦೦ ಎಕರೆಗೂ ಮಿಕ್ಕಿದೆ. ಮಾರಿದ್ದರೆ ಕೋಟಿಗಟ್ಟಲೆ ಬರುತ್ತಿತ್ತು. ಅಲ್ಲಿ ಎಂದೂ ಬಡಾವಣೆ ಏಳದಂತೆ ಕರಾರು ಮಾಡಿಟ್ಟಿದ್ದಾರೆ. ನಮಗೆ ಮಂದಿರವನ್ನು ತೋರಿಸಿದ ಮಹಿಳೆ ಪಂಥದವರಲ್ಲ, ನೆರೆಯ ಊರಿನವರು. ಶೇಕರರನ್ನು ಕಾಣಬಹುದೇ ಎಂದು ಕೇಳಿದೆವು. ಹಗಲು ಅವರಿಗೆ ಕೆಲಸವಿರುತ್ತದೆ, ಪ್ರವಾಸಿಗರಿಗಾಗಿ ನಿಲ್ಲಿಸುವುದಿಲ್ಲ ಎಂದು ಆಕೆ ವಿನಯದಿಂದ ಹೇಳಿದರು. ಅಂಗಡಿಯಲ್ಲಿ ಅವರ ತೋಟದ ಮೂಲಿಕೆಗಳನ್ನು ಒಣಗಿಸಿ ತುಂಬಿದ ತಗಡಿನ ಡಬ್ಬಿಗಳಿದ್ದವು. ಪುದೀನದ ಒಂದು ಡಬ್ಬಿಯನ್ನು ಕೊಂಡು, ಬೇಲಿಯಾಚೆ ಮೇಯುತ್ತಿದ್ದ ಕುರಿಗಳನ್ನು ನೋಡುತ್ತ ಕಾರಿನತ್ತ ನಡೆದೆವು.