ಹಾಲಪ್ಪ ಹಾಳಪ್ಪನಾಗದಂತೆ

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸ್ಪರ್ಧೆಗಳ ಆನ್‌ಲೈನ್ ಫಾರ್ಮಿನಲ್ಲಿ ಹೋದ ವರ್ಷದವರೆಗೂ ಒಂದು ಸೂಚನೆ ಇತ್ತು: ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಿರಿ. ಕನ್ನಡ ಸಂಘದ ಫಾರ್ಮಿನಲ್ಲಿ! ಆಮೇಲೆ ಯಾರಾದರೂ ಕೂತು ಪ್ರಮಾಣಪತ್ರಕ್ಕಾಗಿ ಅದನ್ನೇ ಕನ್ನಡಕ್ಕೆ ತಿರುಗಿಸಬೇಕು. ಇಂಗ್ಲಿಷಿನ ಎಲ್ ನೋಡಿದರೆ ಅದು ಲಕಾರವೋ ಳಕಾರವೋ ಗೊತ್ತಾಗಲ್ಲ. ಹಾಗಾಗಿ ನಮ್ಮ ಕ್ಲಾಸಿನ ಹಾಲಪ್ಪನಿಗೆ ವೇದಿಕೆ ಮೇಲೆ ಸಿಕ್ಕಿದ್ದು 'ಹಾಳಪ್ಪ'ನ ಪ್ರಮಾಣಪತ್ರ. ಅವನೂ ನಕ್ಕ, ನಾವೂ ನಕ್ಕೆವು. ಆದರೆ ಅದನ್ನು ಅವನು ಊರಿಗೆ ತಗೊಂಡು ಹೋಗಲೇ ಇಲ್ಲ. ಅದು ಅವನ ಅಜ್ಜನ ಹೆಸರಂತೆ.

ಈ ವರ್ಷ ಸೈಟಿನ ಕೆಲಸ ನಮ್ಮ ನಾಲ್ವರ ಪಾಲಿಗೆ ಬಂತು. ಹೆಸರನ್ನು ಕನ್ನಡದಲ್ಲೇ ಯಾಕೆ ತಗೋಬಾರದು ಅಂತ ಒಬ್ಬ ಸೀನಿಯರನ್ನು ಕೇಳಿದೆವು. "ಮೊದಲು ಹಾಗೇ ಮಾಡಿದ್ರು ಕಣ್ರೋ. ಟೇಬಲ್ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ ಬಂತು. ಡೇಟಾಬೇಸಿಗೆ ಕನ್ನಡ ಬರಲ್ಲ" ಅಂದರು. ಆ ಕೊನೆಯ ಮಾತು ಮಾತ್ರ ನಮಗೆ ಹಿಡಿಸಲಿಲ್ಲ.

ಸೈಟ್ ಇರೋದು ಜಾವಾದಲ್ಲಿ, ಡೇಟಾಬೇಸ್ ಮೈಎಸ್‌ಕ್ಯೂಎಲ್. ನಡುವೆ ಜೆಡಿಬಿಸಿ. 1997ರಲ್ಲಿ ಜೆಡಿಕೆ 1.1ರ ಜೊತೆ ಬಂದದ್ದು, ಅಂದರೆ ವಯಸ್ಸಲ್ಲಿ ನಮಗಿಂತ ದೊಡ್ಡದು. ನಾವು ಬರೆಯೋ ಪ್ರೋಗ್ರಾಂ ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಅನ್ನೋ ಇಂಟರ್‌ಫೇಸ್‌ಗಳ ಜೊತೆ ಮಾತ್ರ ಮಾತಾಡುತ್ತೆ. ಅದನ್ನು ಆಯಾ ಡೇಟಾಬೇಸಿಗೆ ಅರ್ಥವಾಗೋ ಹಾಗೆ ಮುಟ್ಟಿಸೋದು ಡ್ರೈವರ್ ಕೆಲಸ. ಪರೀಕ್ಷೆಯಲ್ಲಿ ಇಷ್ಟು ಬರೆದು ಒಂದು ಚಿತ್ರ ಹಾಕಿದರೆ ಅಂಕ ಬರುತ್ತೆ. ಆದರೆ ಆ ದಾರಿಯಲ್ಲಿ ಹೋಗೋದು ಅಕ್ಷರಗಳಲ್ಲ, ಬೈಟುಗಳು. ಅಕ್ಷರವನ್ನು ಯಾವ ಲೆಕ್ಕದಲ್ಲಿ ಬೈಟು ಮಾಡಬೇಕು ಅನ್ನೋದು ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಎಲ್ಲೂ ಇಲ್ಲ.

ಜಾವಾದ ಸ್ಟ್ರಿಂಗ್ ಯೂನಿಕೋಡ್. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಹಾಗಾಗಿ ಜಾವಾದ ಒಳಗೆ ಹಾಲಪ್ಪ ಕ್ಷೇಮ. ತೊಂದರೆ ಇದ್ದದ್ದು ಹೊಸ್ತಿಲಲ್ಲಿ. ನಮಗೆ ಬಂದ ಸರ್ವರ್ ಹಳೆಯದು. ಮೈಎಸ್‌ಕ್ಯೂಎಲ್ 5.7ರವರೆಗೂ, ನಾವಾಗಿ ಏನೂ ಹೇಳದಿದ್ದರೆ ಅದು ಹಿಡಿಯುತ್ತಿದ್ದ ಲೆಕ್ಕ ಲ್ಯಾಟಿನ್-1. ಒಂದು ಅಕ್ಷರಕ್ಕೆ ಒಂದೇ ಬೈಟು, ಒಟ್ಟು 256 ಮನೆ, ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ. ಹಳೆಯ ಡ್ರೈವರ್ ಸರ್ವರಿನ ಈ ಸೆಟ್ಟಿಂಗ್ ನೋಡಿ ತಾನೂ ಅದಕ್ಕೇ ಹೊಂದಿಕೊಂಡಿತ್ತು. ಕನ್ನಡದ ಅಕ್ಷರ ಬಂದಾಗೆಲ್ಲ, ಜಾಗ ಇಲ್ಲ ಅಂತ ಅದರ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿತು. ಡೇಟಾಬೇಸಿಗೆ ತಲುಪಿದ್ದೇ ಅಪ್ಪಟ ಪ್ರಶ್ನಾರ್ಥಕ ಚಿಹ್ನೆ. ಅದು ಗೊಣಗದೆ ಇಟ್ಟುಕೊಂಡಿತು. ಒಂದು ಎರರ್ ಕೂಡ ಇಲ್ಲ. ಎರರ್ ಬಂದಿದ್ದರೆ ಅದೇ ದಿನ ಯಾರಾದರೂ ನೋಡ್ತಿದ್ರು.

ತೋರಿಸೋದರಲ್ಲಿ ಮಾತ್ರ ಎಡವಟ್ಟಿರಬಹುದು, ಒಳಗೆ ಹೆಸರು ಇದ್ದೇ ಇರಬಹುದು ಅನ್ನೋ ಆಸೆ ನಮಗಿತ್ತು. ಹೆಕ್ಸ್ ಫಂಕ್ಷನ್ ಹಾಕಿ ಬೈಟುಗಳನ್ನೇ ನೋಡಿದೆವು. ಸಾಲಾಗಿ 3ಎಫ್, 3ಎಫ್, 3ಎಫ್. ಅದು ಪ್ರಶ್ನಾರ್ಥಕ ಚಿಹ್ನೆಯದೇ ಬೆಲೆ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಡಿಸು ಎಲ್ಲ ಬಿಡಿಸಿದರೆ ಏಳು. 'ರವೀಂದ್ರ' ಕೂಡ ಏಳು. ಟೇಬಲ್‌ನಲ್ಲಿ ಏಳು ಚಿಹ್ನೆ ಇದ್ದರೆ ಅದು ಲಕ್ಷ್ಮಿಯೋ ರವೀಂದ್ರನೋ ಹೇಳೋಕೆ ಯಾರಿಂದಲೂ ಆಗಲ್ಲ.

ತಮಾಷೆ ಅಂದರೆ ಜೆಡಿಬಿಸಿಗೂ ತನ್ನದೇ ಆದ ಪ್ರಶ್ನಾರ್ಥಕ ಚಿಹ್ನೆ ಇದೆ, ಮತ್ತು ಅದು ಹೆಸರನ್ನು ಕಾಯುತ್ತೆ. ನಮ್ಮಲ್ಲೊಬ್ಬ ಮಂಗಳೂರಿನವನು, ಡಿ'ಸೋಜಾ. ಎಸ್‌ಕ್ಯೂಎಲ್ ವಾಕ್ಯಕ್ಕೆ ಅವನ ಹೆಸರನ್ನು ಪ್ಲಸ್ ಹಾಕಿ ಅಂಟಿಸಿದರೆ, ನಡುವಿನ ಆ ಕೊಂಬಿನ ಹತ್ತಿರವೇ ಸ್ಟ್ರಿಂಗ್ ಮುಗೀತು ಅಂತ ಡೇಟಾಬೇಸ್ ತಿಳಿಯುತ್ತೆ. ಅದೇ ಸಂದಿಯಲ್ಲೇ ಕೇಡಿಗರು ತಮ್ಮ ಆಜ್ಞೆ ತೂರಿಸೋದು. ಕೆಲವು ಫಾರ್ಮುಗಳಂತೂ ಕೊಂಬು ತೆಗೆದು ಬರೆಯಿರಿ ಅಂತ ಅವನಿಗೇ ಹೇಳ್ತಾವೆ. ಹೆಸರೇ ತಪ್ಪು ಅನ್ನೋ ಹಾಗೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಹೆಸರಿನ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಸೆಟ್‌ಸ್ಟ್ರಿಂಗ್ ಮೂಲಕ ಬೇರೆಯಾಗಿ ಕೊಡ್ತೀವಿ. ಅದರಲ್ಲಿ ಏನೇ ಇರಲಿ, ಹೆಸರು ಹೆಸರಾಗಿಯೇ ಹೋಗುತ್ತೆ. (ಜಾವಾದಲ್ಲಿ ಸಾಮಾನ್ಯವಾಗಿ ಎಣಿಕೆ ಸೊನ್ನೆಯಿಂದ, ಇಲ್ಲಿ ಒಂದರಿಂದ. ಯಾಕೋ!)

ನಾವು ಮಾಡಿದ ಬದಲಾವಣೆ ಕೇಳಿದರೆ ಸಪ್ಪೆ ಅನ್ನಿಸುತ್ತೆ. ಹೊಸ ಡ್ರೈವರ್, ಕನೆಕ್ಷನ್ ಯುಆರ್‌ಎಲ್‌ನ ಬಾಲಕ್ಕೆ ಯುಟಿಎಫ್-8, ಟೇಬಲ್‌ಗೆ ಯುಟಿಎಫ್8ಎಂಬಿ4. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 ಅಂದರೆ ಮೂರು ಬೈಟಿನವರೆಗೆ ಮಾತ್ರ. ಕನ್ನಡದ ಒಂದೊಂದಕ್ಕೂ ಬೇಕಾಗೋದು ಸರಿಯಾಗಿ ಮೂರೇ, ಆದರೆ ಹೆಸರಿನ ಮುಂದೆ ನಗುಮುಖದ ಇಮೋಜಿ ಹಾಕೋರಿಗೆ ನಾಲ್ಕು ಬೇಕು. ಅಂಥವರು ನಮ್ಮ ಕಾಲೇಜಿನಲ್ಲಿ ಕಮ್ಮಿ ಇಲ್ಲ. ಹೆಸರಿನ ಕಾಲಂಗೆ 20 ಅಂತಿದ್ದದ್ದನ್ನು 100 ಮಾಡಿದೆವು. 'ಕೃಷ್ಣಮೂರ್ತಿ' ಒಂದೇ 11 ನುಂಗುತ್ತೆ, ಜೊತೆಗೆ ಅಪ್ಪನ ಹೆಸರು, ಊರಿನ ಹೆಸರು ಬೇರೆ ಇರುತ್ತೆ.

ಫಾರ್ಮಿನ ಆ ಸೂಚನೆ ಈಗಿಲ್ಲ. ಉಳಿದಿರೋದು ಹಳೆಯ ಸಾಲುಗಳು. ಆ ವರ್ಷ ಗೆದ್ದವರಲ್ಲಿ ಕೆಲವರು ಪ್ರಮಾಣಪತ್ರಕ್ಕೆ ಇನ್ನೂ ಕಾಯ್ತಾ ಇದ್ದಾರೆ. ಪುಣ್ಯಕ್ಕೆ ಯುಎಸ್‌ಎನ್ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇದ್ದದ್ದರಿಂದ ಅದು ಉಳಿದಿದೆ. ಅದನ್ನು ಹಿಡ್ಕೊಂಡು ಒಬ್ಬೊಬ್ಬರನ್ನೇ ಹುಡುಕಿ, "ನಿಮ್ಮ ಹೆಸರನ್ನು ನೀವೇ ಟೈಪ್ ಮಾಡಿ ಕಳಿಸಿ ಅಣ್ಣ, ಅಕ್ಕ" ಅಂತ ಕೇಳ್ತಾ ಇದೀವಿ. ಸಿವಿಲ್ ಬ್ರಾಂಚ್ ಮುಗೀತು. ಈ ವಾರ ಮೆಕ್ಯಾನಿಕಲ್.