ಗಂಟುಗಳು

ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಚರಕದ ಸದ್ದಿಗೆ. ಅಮ್ಮಿ ಕುದಿನೀರಿನ ಪಾತ್ರೆಯ ಮುಂದೆ ಕೂತು, ಬೆಂದ ರೇಷ್ಮೆಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯುತ್ತಿದ್ದಳು. ಉರ್ದು ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಒಮ್ಮೆ ಕೇಳಿದ್ದೆ: "ಅಮ್ಮೀ, ಒಳಗಿರೋ ಹುಳಕ್ಕೆ ನೋವಾಗಲ್ವಾ?" ಅವಳು ತಲೆಯೆತ್ತಲಿಲ್ಲ. "ನನ್ನ ಕೈಗೆ ನೋವಾಗುತ್ತಾ ಅಂತ ಮೊದಲು ಕೇಳು ಬೇಟಾ."

ಮುಂದೆ ಪಿಯುಸಿಯಲ್ಲಿ ಲೆಕ್ಚರರು ಜಿರಲೆಯನ್ನು ಸೀಳಿ ತೋರಿಸಿದರು. ಕೀಟದ ನರದ ಹುರಿ ನಮ್ಮಂತೆ ಬೆನ್ನಿನಲ್ಲಿಲ್ಲ, ಹೊಟ್ಟೆಯ ಕಡೆಗಿದೆ. ಅದರುದ್ದಕ್ಕೂ ದಾರದಲ್ಲಿ ಬಿದ್ದಂಥ ಗಂಟುಗಳು. ಎದೆಯಲ್ಲಿರುವ ಮೂರು ನರಗಂಟುಗಳು ಕಾಲು, ರೆಕ್ಕೆಗಳನ್ನು ನಡೆಸುತ್ತವೆ, ಹೊಟ್ಟೆಯಲ್ಲಿ ಇನ್ನಾರು. ತಲೆ ಹೋದರೂ ಜಿರಲೆ ದಿನಗಟ್ಟಲೆ ಬದುಕಬಲ್ಲದು. ಉಸಿರಿಗೆ ಮೈಪಕ್ಕದ ರಂಧ್ರಗಳಿವೆಯಲ್ಲ! 1962ರಲ್ಲಿ ಹಾರಿಡ್ಜ್ ಎಂಬ ವಿಜ್ಞಾನಿ, ತಲೆ ತೆಗೆದ ಜಿರಲೆಯ ಕಾಲು ಕೆಳಗಿಳಿದಾಗಲೆಲ್ಲ ಕರೆಂಟ್ ಶಾಕ್ ಕೊಟ್ಟರು. ಬರಬರುತ್ತ ಕಾಲು ಮೇಲೆಯೇ ನಿಲ್ಲತೊಡಗಿತು. ತಲೆಯೇ ಇಲ್ಲ, ಪಾಠ ಮಾತ್ರ ಕಲಿತಿತ್ತು.

ರೇಷ್ಮೆಹುಳದ ಒಳಗನ್ನು ಬಿಚ್ಚಿ, ಅದರ ನರದ ಹುರಿಯನ್ನೂ ಗಂಟುಗಳನ್ನೂ ಬರೆದಿಟ್ಟವರು ಇಟಲಿಯ ಮಾಲ್ಪಿಘಿ. ಪುಸ್ತಕ ಅಚ್ಚಾದದ್ದು 1669ರಲ್ಲಿ, ಲಂಡನ್ನಿನಲ್ಲಿ. ಆ ಕೆಲಸದ ಶ್ರಮಕ್ಕೆ ಅವರಿಗೆ ಜ್ವರ ಬಂತು, ಕಣ್ಣು ಊದಿಕೊಂಡಿತು. ಅಮ್ಮಿಯ ಕಣ್ಣೂ ಹೊಗೆಗೆ ಸದಾ ಕೆಂಪಗಿರುತ್ತಿತ್ತು. ಅದನ್ನು ಯಾರೂ ಬರೆದಿಡಲಿಲ್ಲ.

ಈ ಹುಳದ ಅನ್ನನಾಳದ ಕೆಳಗೆ ಇನ್ನೊಂದು ಗಂಟಿದೆ. ಹೆಣ್ಣು ಹುಳ ಕೋಶದಲ್ಲಿರುವಾಗ ಅದರಿಂದ ಒಸರುವ ಹಾರ್ಮೋನು, ಅದು ಮುಂದೆ ಇಡುವ ಮೊಟ್ಟೆಗಳನ್ನು ಚಳಿಗಾಲ ಕಳೆಯುವ ತನಕ ಮಲಗಿಸುತ್ತದೆ. ಬೈವೋಲ್ಟೈನ್ ತಳಿಯಲ್ಲಿ ಅದು ಒಸರಬೇಕೋ ಬೇಡವೋ ಎಂಬುದು, ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಉಂಡ ಶಾಖ, ಬೆಳಕಿನ ಮೇಲೆ ನಿಂತಿದೆ. ನಮ್ಮ ಮೈಸೂರು ತಳಿಯ ಮೊಟ್ಟೆಗಳಿಗೆ ಈ ನಿದ್ದೆಯೇ ಇಲ್ಲ. ನಮ್ಮ ಓಣಿಯ ಹೆಂಗಸರ ಹಾಗೆ ಎನ್ನಬೇಕು.

ಮೂರು ವರ್ಷಗಳಿಂದ ಅಮ್ಮಿಗೆ ಮರೆವು. ನನ್ನನ್ನು ತನ್ನ ತಮ್ಮನೆಂದು ಕರೆಯುತ್ತಾಳೆ. ಆದರೆ ಚಾದರದ ಅಂಚಿನಲ್ಲೊಂದು ದಾರ ಸಿಕ್ಕರೆ ಸಾಕು, ಬೆರಳುಗಳು ತುದಿ ಹುಡುಕಿ ಎಳೆಯತೊಡಗುತ್ತವೆ. ನಾನು ಜಿರಲೆಯ ಕಾಲಿನ ಕಥೆ ಹೇಳಿದೆ. ಡಾಕ್ಟರು ನಕ್ಕು ತಿದ್ದಿದರು: "ಹೆಸರು ನೆನಪಿಡೋ ಜಾಗ ಬೇರೆ, ಕೈಪಳಗೋ ಜಾಗ ಬೇರೆ. ಮನುಷ್ಯನಲ್ಲಿ ಎರಡೂ ತಲೆಯೊಳಗೇ ಇವೆ." ಸರಿಯೇ ಇರಬೇಕು.

ಮೊನ್ನೆ ಆ ಬೆರಳುಗಳನ್ನು ಹಿಡಿದು, ಮೂವತ್ತು ವರ್ಷ ತಡವಾಗಿ, ಕೇಳಿದೆ: "ಕೈ ನೋಯುತ್ತಾ ಅಮ್ಮೀ?"

ಅವಳು ದಾರದ ತುದಿಯನ್ನು ನನ್ನ ಕೈಗಿತ್ತಳು. "ಮೆತ್ತಗೆ ಹಿಡಿ, ತುಂಡಾಗುತ್ತೆ."